ದಾವಣಗೆರೆ–ಹರಿಹರ ಸೀಮೆಯಲ್ಲಿ ಪ್ರಕೃತಿ ವಿಕೋಪದ ಸಾವುಗಳು

ದಾವಣಗೆರೆ ನಗರ ಮತ್ತು ತುಂಗಭದ್ರಾ ದಂಡೆಯ ಹರಿಹರ ಇರುವ ಮಧ್ಯ ಕರ್ನಾಟಕದ ಈ ಬಯಲುಸೀಮೆಯಲ್ಲಿ ಬರ, ನೆರೆ, ಸಿಡಿಲು ಹಾಗೂ ಮಳೆಗೆ ಮನೆ ಕುಸಿಯುವುದು ಜೀವಹಾನಿಗೆ ಮುಖ್ಯ ಕಾರಣಗಳು. ಕಳೆದ ಒಂದೂವರೆ ಶತಮಾನದಲ್ಲಿ ಇಂಥ ಸಾವುಗಳು ಬಹುವಾಗಿ ತಗ್ಗಿವೆ.

ಬರ: 1876–78ರ ‘ಧಾತು ಈಶ್ವರ’ ಬರದ ಕಾಲಕ್ಕೆ ಎರಡೂ ಊರುಗಳು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. 1871ರಲ್ಲಿ ಸುಮಾರು 50.5 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 41.9 ಲಕ್ಷಕ್ಕೆ ಕುಸಿಯಿತು. ಹಸಿವಿನ ಬೆನ್ನಿಗೆ ಬಂದ ಕಾಲರಾ, ಜ್ವರಗಳೂ ಅಸಂಖ್ಯ ಜನರನ್ನು ಬಲಿ ತೆಗೆದುಕೊಂಡವು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಬೆಳೆ ಒಣಗಿತು, ಸಾಲ ಏರಿತು, ಆದರೆ ಧಾತು ಈಶ್ವರದಂಥ ಸಾಮೂಹಿಕ ಸಾವು ಮರುಕಳಿಸಲಿಲ್ಲ. 1880ರ ದಶಕದ ಕೊನೆಗೆ ಹರಿಹರ ಮುಟ್ಟಿದ ರೈಲು, ಭದ್ರಾ ನಾಲೆಯ ನೀರು, ಪಡಿತರ, ಉದ್ಯೋಗ ಖಾತ್ರಿ, ಲಸಿಕೆ ಇವೆಲ್ಲ ಸೇರಿ ಮಳೆ ಕೈಕೊಡುವುದಕ್ಕೂ ಮನುಷ್ಯ ಸಾಯುವುದಕ್ಕೂ ಇದ್ದ ನಂಟನ್ನು ಕಡಿದವು.

ನೆರೆ: ಮಲೆನಾಡಿನಲ್ಲಿ ಮಳೆ ಜೋರಾದರೆ ಹರಿಹರದಲ್ಲಿ ಮಳೆಯಿಲ್ಲದೆಯೂ ಹೊಳೆ ತುಂಬುತ್ತದೆ. ಗಂಗಾನಗರದಂಥ ತಗ್ಗು ಬಡಾವಣೆಗೆ ನೀರು ನುಗ್ಗುತ್ತದೆ. ತಾಲ್ಲೂಕಿನ ನದಿದಂಡೆಯ ಊರಾದ ಉಕ್ಕಡಗಾತ್ರಿಯ ರಸ್ತೆ ಮುಳುಗುತ್ತದೆ. ನದಿಯ ಮೇಲ್ಭಾಗದ ಗಾಜನೂರು, ಲಕ್ಕವಳ್ಳಿ ಜಲಾಶಯಗಳಿಂದ ನೀರು ಬಿಡುವ ಮುನ್ನ ನದಿಪಾತ್ರದ ಜನರಿಗೆ ಎಚ್ಚರಿಕೆ ಕೊಟ್ಟು, ಅಗತ್ಯವಿದ್ದರೆ ಕಾಳಜಿ ಕೇಂದ್ರಗಳಿಗೆ ಸ್ಥಳಾಂತರಿಸುವುದರಿಂದ ಜೀವ ಉಳಿಯುತ್ತಿದೆ.

ಸಿಡಿಲು ಮತ್ತು ಗೋಡೆ ಕುಸಿತ: ಭಾರತದಲ್ಲಿ ಇಂದು ಪ್ರಕೃತಿ ವಿಕೋಪಗಳ ಪೈಕಿ ಅತಿ ಹೆಚ್ಚು ಬಲಿ ಪಡೆಯುವುದು ಸಿಡಿಲು, 2022ರಲ್ಲಿ ಅದಕ್ಕೆ 2,887 ಮಂದಿ ಸತ್ತರು. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ಮೋಡ ಕಟ್ಟಿದಾಗ ಹೊಲದಲ್ಲಿರುವ ಕೂಲಿಯಾಳು, ಕುರಿಗಾಹಿಗಳು ಮರದಡಿ ನಿಲ್ಲುವುದೇ ಪ್ರಾಣಕ್ಕೆ ಎರವಾಗುತ್ತದೆ. ವಾರಗಟ್ಟಲೆ ಜಡಿಮಳೆ ಹಿಡಿದರೆ ನೆನೆದ ಮಣ್ಣಿನ ಗೋಡೆ ರಾತ್ರಿ ಮಲಗಿದವರ ಮೇಲೆ ಬೀಳುತ್ತದೆ.

ಜಗತ್ತಿನ ಚಿತ್ರ: ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 1970–80ರ ದಶಕಗಳಲ್ಲಿ ಹವಾಮಾನ ವಿಕೋಪಗಳಿಗೆ ದಿನಕ್ಕೆ ಸರಾಸರಿ 170 ಮಂದಿ ಸಾಯುತ್ತಿದ್ದರು, 2010ರ ದಶಕದಲ್ಲಿ ಅದು 40ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ದಾಖಲಾದ ವಿಕೋಪಗಳು ಹೆಚ್ಚಿವೆ; ಜೀವ ಉಳಿಸಿದ್ದು ಮುನ್ನೆಚ್ಚರಿಕೆ ಮತ್ತು ಪರಿಹಾರ ವ್ಯವಸ್ಥೆ.

ಉಳಿದ ಕೆಲಸ: ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮತ್ತು ‘ದಾಮಿನಿ’ ಆ್ಯಪ್ ಸಿಡಿಲಿನ ಮುನ್ಸೂಚನೆ ನೀಡುತ್ತವೆ. ಆದರೆ ಮೊಬೈಲ್ ಇಲ್ಲದೆ ಬಯಲಲ್ಲಿ ದುಡಿಯುವವರಿಗೆ ಅದನ್ನು ಮುಟ್ಟಿಸಬೇಕು. ಮಣ್ಣಿನ ಮನೆಯವರಿಗೆ ಗಟ್ಟಿ ಸೂರು ಸಿಗಬೇಕು. ಈಗ ಸಾಯುತ್ತಿರುವವರಲ್ಲಿ ಹೆಚ್ಚಿನವರು ಬಡವರು, ಮತ್ತು ಈ ಸಾವುಗಳಲ್ಲಿ ಬಹುಪಾಲು ತಡೆಯಬಹುದಾದವು.