ಕೊಯಮತ್ತೂರು–ತಿರುಪ್ಪೂರು: ಗೆಳೆಯರೊಂದಿಗೆ ಎರಡು ದಿನ, ನೋಡಲು ಮತ್ತು ಉಣ್ಣಲು

ರಜೆ ಬಂದರೆ ನಮ್ಮ ಗಡಿ ಊರುಗಳ ಗೆಳೆಯರ ಗುಂಪುಗಳು ಊಟಿಗೋ ಮೈಸೂರಿಗೋ ಹೊರಡುವುದು ರೂಢಿ. ಕೊಯಮತ್ತೂರು ಎಂದರೆ ಆಸ್ಪತ್ರೆಗೆ, ಕಾಲೇಜಿಗೆ, ಇಲ್ಲವೇ ಬಟ್ಟೆ ವ್ಯಾಪಾರಕ್ಕೆ ಹೋಗುವ ಊರು ಎಂಬ ಭಾವನೆಯೇ ಹೆಚ್ಚು. ಆದರೆ ಎರಡು ದಿನ ಬಿಡುವು ಮಾಡಿಕೊಂಡು ಸುತ್ತಿದರೆ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳು ಒಳ್ಳೆಯ ಊಟ, ಹಳೆಯ ಗುಡಿ, ಬೆಟ್ಟದ ತಂಪು ಮೂರನ್ನೂ ಕೊಡುತ್ತವೆ. ಇವುಗಳ ಜೊತೆಗೆ ಇನ್ನೊಂದು ಲಾಭವೂ ಇದೆ. ಮನೆಯೊಳಗೆ ಇಂದಿಗೂ ಕನ್ನಡ ಮಾತಾಡುವ ಸಾವಿರಾರು ಕುಟುಂಬಗಳು ಈ ಸೀಮೆಯಲ್ಲಿವೆ. ಅವರನ್ನು ಮಾತಾಡಿಸದೆ ಬಂದರೆ ಪ್ರವಾಸ ಅರ್ಧವೇ ಆದೀತು. ಸದಸ್ಯರ ಅನುಕೂಲಕ್ಕಾಗಿ ವಿವರಗಳನ್ನು ಒಂದೆಡೆ ಕೊಟ್ಟಿದ್ದೇವೆ.

ನಮಗೂ ಈ ಸೀಮೆಗೂ ಇರುವ ನಂಟು

ಕೊಂಗುನಾಡು ಎಂದು ಕರೆಯುವ ಈ ಪ್ರದೇಶ ಹೊಯ್ಸಳರ ಕಾಲದಿಂದಲೂ ಕನ್ನಡ ನಾಡಿನೊಡನೆ ಬೆರೆತದ್ದು. ಹೊಯ್ಸಳರ ದಂಡನಾಯಕರ ಹೆಸರು ಹೊತ್ತ ದಣ್ಣಾಯಕನ ಕೋಟೆ ಇಂದು ಭವಾನಿಸಾಗರ ಜಲಾಶಯದ ನೀರಿನಡಿ ಇದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅಲ್ಲಿನ ಹಳೆಯ ಗುಡಿ ಕಾಣಿಸಿಕೊಳ್ಳುವುದುಂಟು. 17ನೇ ಶತಮಾನದಿಂದ 1799ರಲ್ಲಿ ಟಿಪ್ಪು ಸುಲ್ತಾನ ಮಡಿಯುವವರೆಗೆ ಕೊಯಮತ್ತೂರು ಬಹುಕಾಲ ಮೈಸೂರಿನ ಆಳ್ವಿಕೆಯಲ್ಲಿತ್ತು. ನಗರದ ಕೋಟೆ ಉಳಿದಿಲ್ಲ. ಕೋಟೈಮೇಡು ಎಂಬ ಬಡಾವಣೆಯ ಹೆಸರಿನಲ್ಲಿ ಮಾತ್ರ ಅದರ ನೆನಪಿದೆ.

ಹತ್ತಿರದ ಕಾಲದ ನಂಟು ಇನ್ನೂ ಗಟ್ಟಿ. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಇಂದು ಎಪ್ಪತ್ತು ದಾಟಿದ ಕೊಳ್ಳೇಗಾಲದ ಹಿರಿಯರು ಹುಟ್ಟಿದ್ದು ಕೊಯಮತ್ತೂರು ಜಿಲ್ಲೆಯಲ್ಲಿ. ತಾಳವಾಡಿ ಭಾಗ ಮಾತ್ರ ಆಚೆಯೇ ಉಳಿದು, 1979ರಲ್ಲಿ ಜಿಲ್ಲೆ ಒಡೆದಾಗ ಈಗಿನ ಈರೋಡ್ ಜಿಲ್ಲೆಗೆ ಹೋಯಿತು. 2009ರಲ್ಲಿ ತಿರುಪ್ಪೂರು ಜಿಲ್ಲೆ ಬೇರೆಯಾಯಿತು.

ಹೋಗುವುದು ಹೇಗೆ

ಬೆಂಗಳೂರು, ಹೊಸೂರು, ಧರ್ಮಪುರಿ ಕಡೆಯವರಿಗೆ ರೈಲೇ ಸುಖ. ಉದಯ್ ಎಕ್ಸ್‌ಪ್ರೆಸ್ ಜೊತೆಗೆ, ಬೆಂಗಳೂರು ಕಂಟೋನ್ಮೆಂಟ್–ಕೊಯಮತ್ತೂರು ವಂದೇ ಭಾರತ್ ರೈಲು ಹೊಸೂರು, ಧರ್ಮಪುರಿ, ಸೇಲಂ, ಈರೋಡ್, ತಿರುಪ್ಪೂರು ಮಾರ್ಗವಾಗಿ ಓಡುತ್ತದೆ. ಕಾಸರಗೋಡಿನವರು ಮಂಗಳೂರು–ಕೊಯಮತ್ತೂರು ಇಂಟರ್‌ಸಿಟಿ ಹಿಡಿದರೆ ಪಾಲಕ್ಕಾಡ್ ಮೂಲಕ ನೇರವಾಗಿ ತಲುಪಬಹುದು.

ಚಾಮರಾಜನಗರ, ಕೊಳ್ಳೇಗಾಲ, ತಾಳವಾಡಿ ಕಡೆಯವರಿಗೆ ಹಾಸನೂರು, ದಿಂಬಂ, ಸತ್ಯಮಂಗಲದ ದಾರಿ ಹತ್ತಿರ. ದಿಂಬಂ ಘಾಟಿಯಲ್ಲಿ 27 ತಿರುವುಗಳಿವೆ. ಇದು ಹುಲಿ ಸಂರಕ್ಷಿತ ಅರಣ್ಯ. 2022ರ ಫೆಬ್ರವರಿಯಿಂದ ಇಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಬೆಳಗ್ಗೆ ಹೊರಟು ಹಗಲಲ್ಲೇ ಘಾಟಿ ಇಳಿಯಿರಿ. ಗುಂಡ್ಲುಪೇಟೆಯಿಂದ ಬಂಡೀಪುರ, ಊಟಿ, ಮೆಟ್ಟುಪಾಳಯಂ ಮೂಲಕ ಬರುವವರು ಎರಡು ವಿಷಯ ನೆನಪಿಡಬೇಕು: ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ರಸ್ತೆ ಮುಚ್ಚಿರುತ್ತದೆ, ನೀಲಗಿರಿ ಪ್ರವೇಶಿಸುವ ಹೊರಗಿನ ವಾಹನಗಳಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಕ್ರಮ ಜಾರಿಗೆ ಬಂದಿದೆ. ಹೊರಡುವ ಮುನ್ನ ಅಂದಿನ ನಿಯಮ ವಿಚಾರಿಸಿಕೊಳ್ಳಿ.

ಮೊದಲ ದಿನ: ನಗರ ಮತ್ತು ಪಶ್ಚಿಮದ ಬೆಟ್ಟಗಳು

ಬೆಳಗಿನ ತಿಂಡಿಗೆ ಆರ್.ಎಸ್. ಪುರಂ ಕಡೆ ಹೋದರೆ ಊರಿನ ಹೆಸರಾಂತ ಅನ್ನಪೂರ್ಣದಲ್ಲಿ ಸಾಂಬಾರ್ ಇಡ್ಲಿ, ಫಿಲ್ಟರ್ ಕಾಫಿ ಸಿಗುತ್ತದೆ. ಅಲ್ಲೇ ಸಮೀಪದ ಅರಣ್ಯ ಕಾಲೇಜಿನ ಆವರಣದಲ್ಲಿ 1902ರಲ್ಲಿ ಆರಂಭವಾದ ಗ್ಯಾಸ್ ಅರಣ್ಯ ವಸ್ತುಸಂಗ್ರಹಾಲಯವಿದೆ. ಮಕ್ಕಳಿದ್ದರೆ ಅವಿನಾಶಿ ರಸ್ತೆಯ ಜೀಡಿ ಕಾರು ಸಂಗ್ರಹಾಲಯವನ್ನೂ ಸೇರಿಸಿಕೊಳ್ಳಿ. ಅದು ಕೊಯಮತ್ತೂರಿನ ಕೈಗಾರಿಕೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಜಿ.ಡಿ. ನಾಯ್ಡು (1893–1974) ಅವರ ಹೆಸರಿನದು. ಎರಡೂ ಕಡೆ ವಾರದ ರಜೆ ಇರುತ್ತದೆ, ಕೇಳಿಕೊಂಡು ಹೋಗಿ.

ನಗರದಿಂದ ಪಶ್ಚಿಮಕ್ಕೆ ಸುಮಾರು 6 ಕಿ.ಮೀ. ದೂರದಲ್ಲಿ ನೊಯ್ಯಲ್ ನದಿಯ ದಡದ ಪೇರೂರು ಪಟ್ಟೀಶ್ವರರ್ ದೇವಸ್ಥಾನವಿದೆ. 17ನೇ ಶತಮಾನದಲ್ಲಿ ಅಳಗಾದ್ರಿ ನಾಯಕ ಕಟ್ಟಿಸಿದ ಕನಕಸಭೆಯ ಕಂಬಗಳ ಶಿಲ್ಪ ನೋಡಲೇಬೇಕಾದದ್ದು. ಕಲ್ಲಿನ ಸರಪಳಿಯನ್ನು ಮರೆಯದೆ ನೋಡಿ. ಮಧ್ಯಾಹ್ನ ಗುಡಿ ಮುಚ್ಚುವುದರಿಂದ 12ರೊಳಗೆ ಮುಟ್ಟಿರಬೇಕು. ಸಂಜೆಗೆ ಎರಡು ದಾರಿ. ಒಂದು, ಮರುದಮಲೈ ಮುರುಗನ್ ಬೆಟ್ಟ. ಮೆಟ್ಟಿಲು ಹತ್ತಬಹುದು, ವಾಹನದ ದಾರಿಯೂ ಇದೆ. ಇನ್ನೊಂದು, ವೆಳ್ಳಿಯಂಗಿರಿ ಬೆಟ್ಟದ ಬುಡ. 2017ರಲ್ಲಿ ಅನಾವರಣಗೊಂಡ 112 ಅಡಿಯ ಆದಿಯೋಗಿ ಪ್ರತಿಮೆ ಅಲ್ಲಿದೆ. ಎರಡನ್ನೂ ಒಂದೇ ಸಂಜೆಗೆ ತುರುಕಬೇಡಿ.

ರಾತ್ರಿ ಊಟಕ್ಕೆ ಮುಂಚೆ ಹಳೆಯ ಪೇಟೆಯ ರಾಜವೀಧಿ, ಒಪ್ಪಣಕಾರ ಬೀದಿಗಳಲ್ಲಿ ಕಾಲ್ನಡಿಗೆಯಲ್ಲಿ ಒಂದು ಸುತ್ತು ಹಾಕಿ. ಊರ ದೇವತೆ ಕೋನಿಯಮ್ಮನ ಗುಡಿ ಹತ್ತಿರದಲ್ಲೇ ಇದೆ. ದೇವಾಂಗದವರ ಚೌಡೇಶ್ವರಿ ಅಮ್ಮನ ಗುಡಿಯೂ ಈ ಪೇಟೆಯಲ್ಲೇ ಇದೆ. ದಸರಾ ವೇಳೆ ಇಲ್ಲಿ ಕತ್ತಿ ಹಿಡಿದು ಅಮ್ಮನನ್ನು ಕರೆತರುವ ಸೇವೆ ನಡೆಯುತ್ತದೆ. ನಮ್ಮ ಕಡೆಯ ಅಲಗು ಸೇವೆ ಕಂಡವರಿಗೆ ಇದು ಹೊಸದೆನಿಸದು. ಅದು ಹರಕೆಯ ಸೇವೆ, ಪ್ರದರ್ಶನವಲ್ಲ. ಕೇಳದೆ ಫೋಟೊ ತೆಗೆಯಬಾರದು.

ಎರಡನೇ ದಿನ: ಅವಿನಾಶಿ, ತಿರುಪ್ಪೂರು

ಕೊಯಮತ್ತೂರಿನಿಂದ ಸುಮಾರು 40 ಕಿ.ಮೀ. ಪೂರ್ವಕ್ಕೆ ಅವಿನಾಶಿ. ಮೊಸಳೆ ನುಂಗಿದ್ದ ಬಾಲಕನನ್ನು ಶಿವಶರಣ ಸುಂದರರ್ ಹಾಡಿ ಮರಳಿ ಪಡೆದರು ಎಂಬ ಐತಿಹ್ಯ ಇಲ್ಲಿನ ಅವಿನಾಶಿಲಿಂಗೇಶ್ವರ ದೇವಸ್ಥಾನದ್ದು. ತಮಿಳುನಾಡಿನ ದೊಡ್ಡ ತೇರುಗಳಲ್ಲಿ ಇಲ್ಲಿನದೂ ಒಂದು. ಅಲ್ಲಿಂದ ತಿರುಪ್ಪೂರಿಗೆ ಹೋಗುವ ದಾರಿಯಲ್ಲಿ ತಿರುಮುರುಗನ್‌ಪೂಂಡಿ ಸಿಗುತ್ತದೆ. ಗುಡಿಯಷ್ಟೇ ಅಲ್ಲ, ಕಲ್ಲಿನ ವಿಗ್ರಹ ಕೆತ್ತುವ ಶಿಲ್ಪಿಗಳ ಕೆಲಸವನ್ನೂ ಇಲ್ಲಿ ರಸ್ತೆಬದಿಯಲ್ಲೇ ನೋಡಬಹುದು.

ತಿರುಪ್ಪೂರಿನಲ್ಲಿ ರೈಲು ನಿಲ್ದಾಣದ ಹತ್ತಿರ ಕೊಡಿ ಕಾತ್ತ ಕುಮರನ್ ಸ್ಮಾರಕವಿದೆ. ಸ್ವಾತಂತ್ರ್ಯ ಹೋರಾಟದ ಮೆರವಣಿಗೆಯಲ್ಲಿ ಪೊಲೀಸರ ಲಾಠಿ ಏಟು ತಿಂದರೂ ಬಾವುಟ ಬಿಡದೆ 1932ರ ಜನವರಿ 11ರಂದು ಪ್ರಾಣ ಬಿಟ್ಟ ಯುವಕ ಅವರು. ಬಟ್ಟೆ ಕೊಳ್ಳುವವರಿಗೆ ಖಾದರ್‌ಪೇಟೆ ಇದೆ. ಪರದೇಶಕ್ಕೆ ಹೋಗುವ ಬನಿಯನ್, ಟೀ ಶರ್ಟುಗಳಲ್ಲಿ ಉಳಿದ ಮಾಲು ಇಲ್ಲಿ ಅಗ್ಗಕ್ಕೆ ಸಿಗುತ್ತದೆ. ಹೊಲಿಗೆ, ಅಳತೆ ನೋಡಿಯೇ ತೆಗೆದುಕೊಳ್ಳಿ; ಹಿಂತಿರುಗಿಸುವ ಮಾತಿಲ್ಲ. ತಿರುಪ್ಪೂರಿನಿಂದ ಈರೋಡ್ ಕಡೆಗೆ ಹೋಗುವವರು ಊತ್ತುಕುಳಿಯಲ್ಲಿ ಇಳಿದು ಅಲ್ಲಿನ ಹೆಸರಾಂತ ಬೆಣ್ಣೆ, ತುಪ್ಪ ಕೊಳ್ಳಬಹುದು.

ಏನು ತಿನ್ನಬೇಕು

ಅರಿಸಿ ಪರುಪ್ಪು ಸಾದಂ: ಅಕ್ಕಿ, ತೊಗರಿಬೇಳೆ, ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ ಸೇರಿಸಿ ಒಂದೇ ಪಾತ್ರೆಯಲ್ಲಿ ಬೇಯಿಸಿ ತುಪ್ಪ ಹಾಕಿ ಬಡಿಸುವ ಅನ್ನ. ನಮ್ಮ ಬಿಸಿಬೇಳೆಬಾತಿನ ಮಸಾಲೆ ಇದಕ್ಕಿಲ್ಲ. ಹದವೇ ಇದರ ರುಚಿ. ಕೊಂಗುನಾಡಿನ ಮನೆ ಮನೆಯ ಅಡುಗೆ ಇದು.

ಸಂದಗೈ: ಅಕ್ಕಿ ರುಬ್ಬಿ ಬೇಯಿಸಿ ಒರಳಿನಲ್ಲಿ ಒತ್ತಿ ತೆಗೆಯುವುದು. ನೋಡಿದ ಕೂಡಲೇ ನಮ್ಮ ಒತ್ತುಶ್ಯಾವಿಗೆ ಎಂದು ಗೊತ್ತಾಗುತ್ತದೆ. ತೆಂಗಿನ ಹಾಲು ಬೆಲ್ಲದೊಡನೆಯೂ, ನಿಂಬೆ ಅಥವಾ ಹುಣಸೆ ಒಗ್ಗರಣೆಯೊಡನೆಯೂ ತಿನ್ನುತ್ತಾರೆ.

ಒಪ್ಪುಟ್ಟು: ತಮಿಳುನಾಡಿನ ಬೇರೆ ಕಡೆ ಪೋಳಿ ಎನ್ನುವುದನ್ನು ಇಲ್ಲಿ ಒಪ್ಪುಟ್ಟು ಎನ್ನುತ್ತಾರೆ. ನಮ್ಮ ಒಬ್ಬಟ್ಟೇ. ಬೇಳೆಯದು, ಕಾಯಿಯದು ಎರಡೂ ಉಂಟು.

ಕೊಳ್ಳು, ಕಳಿ, ಕಂಬಂಗೂಳು: ಹುರುಳಿ ಸಾರು, ರಾಗಿ ಮುದ್ದೆ, ಸಜ್ಜೆ ಅಂಬಲಿ ಎಂದರೆ ನಮಗೆ ಅರ್ಥವಾದೀತು. ಎಲ್ಲ ಹೋಟೆಲಿನಲ್ಲಿ ಸಿಗುವುದಿಲ್ಲ; ಕೊಂಗು ಊಟ ಎಂದು ಬೋರ್ಡ್ ಹಾಕಿರುವಲ್ಲಿ ಕೇಳಿ.

ಮೈಸೂರ್ಪಾ: ಮೈಸೂರು ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪ ಮಾಡಿದ್ದೆಂದು ಹೇಳುವ ಮೈಸೂರ್ ಪಾಕ್ ಗಟ್ಟಿ, ಗೂಡುಗೂಡು. ಕೊಯಮತ್ತೂರಿನಲ್ಲಿ 1948ರಲ್ಲಿ ಮಹದೇವ ಅಯ್ಯರ್ ಆರಂಭಿಸಿದ ಶ್ರೀಕೃಷ್ಣ ಸ್ವೀಟ್ಸ್ ಹೆಸರು ಮಾಡಿದ್ದು ಬಾಯಲ್ಲಿಟ್ಟರೆ ಕರಗುವ, ತುಪ್ಪ ಹೆಚ್ಚಿರುವ ಬಗೆಯಿಂದ. ಗುಂಪಿನಲ್ಲಿ ಯಾವುದು ಮೇಲು ಎಂಬ ವಾದ ಹುಟ್ಟುವುದು ಖಂಡಿತ. ಎರಡನ್ನೂ ಬೇರೆ ಬೇರೆ ಸಿಹಿ ಎಂದುಕೊಂಡರೆ ಇಬ್ಬರಿಗೂ ಸಮಾಧಾನ.

ಕಾಳಾನ್: ಸಂಜೆ ತಳ್ಳುಗಾಡಿಯ ತಿನಿಸು. ಹೆಸರು ಅಣಬೆಯದಾದರೂ ಎಲೆಕೋಸೂ ಧಾರಾಳವಾಗಿರುತ್ತದೆ. ಪೊಳ್ಳಾಚಿ ಕಡೆ ಹೋದರೆ ಎಳನೀರು, ಬೇಸಿಗೆಯಲ್ಲಿ ತಾಟಿನುಂಗು ಬಿಡಬೇಡಿ.

ಮನೆಯ ಕನ್ನಡವನ್ನು ಕೇಳಿಸಿಕೊಳ್ಳಿ

ಹಿಂತಿರುಗುವಾಗ ಮೆಟ್ಟುಪಾಳಯಂನಿಂದ ಸತ್ಯಮಂಗಲಕ್ಕೆ ಹೋಗುವ ರಸ್ತೆಯಲ್ಲಿ ಸಿರುಮುಗೈ ಎಂಬ ನೇಕಾರರ ಊರು ಸಿಗುತ್ತದೆ. ರೇಷ್ಮೆ ಸೀರೆಗೆ ಹೆಸರಾದ ಊರು. ಭೌಗೋಳಿಕ ಗುರುತು ಪಡೆದ ಕೋವೈ ಕೋರಾ ಕಾಟನ್ ಸೀರೆಯೂ ಈ ಜಿಲ್ಲೆಯದೇ. ಇಲ್ಲಿ ಮಗ್ಗದ ಮುಂದೆ ಕುಳಿತ ಎಷ್ಟೋ ದೇವಾಂಗ ಮನೆತನಗಳ ಮನೆಮಾತು ಕನ್ನಡ. ಉಡುಮಲೈ, ಧಾರಾಪುರದ ಕಡೆ ಬೇಸಾಯ ಮಾಡುವ ಒಕ್ಕಲಿಗರಲ್ಲಿ, ಅನುಪ್ಪರಲ್ಲೂ ಹೀಗೆಯೇ. ತಲೆಮಾರುಗಳ ಹಿಂದೆ ಬಂದವರು. ಮನೆಯಲ್ಲಿ ಕನ್ನಡ, ಬೀದಿಯಲ್ಲೂ ಶಾಲೆಯಲ್ಲೂ ತಮಿಳು. ಹೆಚ್ಚಿನವರಿಗೆ ಕನ್ನಡ ಅಕ್ಷರ ಬಾರದು. ಅಜ್ಜಿ ಆಡುವ ಮಾತು ಮೊಮ್ಮಕ್ಕಳಿಗೆ ಅರ್ಥವಾಗುತ್ತದೆ, ಆದರೆ ಉತ್ತರ ತಮಿಳಿನಲ್ಲಿ ಬರುತ್ತದೆ. ಇನ್ನೊಂದು ತಲೆಮಾರು ಕಳೆದರೆ ಕೇಳುವವರೂ ಇರಲಾರರು.

ಆದ್ದರಿಂದ ಒಂದು ವಿನಂತಿ. ಅಲ್ಲಿ ಯಾರಾದರೂ ಕನ್ನಡದಲ್ಲಿ ಮಾತಾಡಿದರೆ ಅವರ ರಾಗ, ತಮಿಳು ಬೆರೆತ ಮಾತು ಕೇಳಿ ನಗಬೇಡಿ. "ಇದು ಸರಿ ಕನ್ನಡವಲ್ಲ" ಎನ್ನಬೇಡಿ. ಹಾಗೆ ಅನ್ನಿಸಿಕೊಂಡವರು ಮರುಕ್ಷಣ ತಮಿಳಿಗೆ ತಿರುಗುತ್ತಾರೆ. ಮಗ್ಗ ನೋಡಬೇಕಾದರೆ ಕೇಳಿ ಒಳಗೆ ಹೋಗಿ, ಕೊಂಡರೆ ಒಂದು ಸೀರೆ ಕೊಳ್ಳಿ, ನಿಧಾನವಾಗಿ ಮಾತಾಡಿ. ಮಾತಿಗೆ ಊಟವೇ ಸುಲಭದ ಬಾಗಿಲು: ಹಬ್ಬಕ್ಕೆ ಏನು ಮಾಡುತ್ತೀರಿ, ಇದಕ್ಕೆ ಮನೆಯಲ್ಲಿ ಏನನ್ನುತ್ತೀರಿ ಎಂದು ಕೇಳಿ. ಸಿಗುವ ಪದಗಳನ್ನು, ಅವರ ಒಪ್ಪಿಗೆ ಪಡೆದು, ಊರಿನ ಹೆಸರಿನೊಂದಿಗೆ ಬರೆದುಕೊಂಡು ನಮ್ಮ ಪತ್ರಿಕೆಗೆ ಕಳಿಸಿ. ಪದ ಮತ್ತು ಊರು ಸಾಕು, ಹೇಳಿದವರ ಹೆಸರು ಬೇಡ. ಬಂದದ್ದನ್ನು ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

ಗಮನಕ್ಕೆ

ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ತೈಪೂಸದಂದು ಮರುದಮಲೈಯಲ್ಲಿ ಭಾರಿ ಜನ ಸೇರುತ್ತಾರೆ. ನೆಮ್ಮದಿಯಾಗಿ ನೋಡಬೇಕೆಂದರೆ ಆ ದಿನ ಬಿಟ್ಟು ಹೋಗಿ. ಆರೇಳು ಜನರ ಗುಂಪಿಗೆ ಒಂದು ಬಾಡಿಗೆ ವಾಹನ ಸಾಕು. ಕಾಡಿನ ದಾರಿಯಲ್ಲಿ ವಾಹನ ನಿಲ್ಲಿಸಿ ಊಟಕ್ಕೆ ಕೂರಬೇಡಿ, ಪ್ಲಾಸ್ಟಿಕ್ ಬಿಸಾಡಬೇಡಿ. ಹಿರಿಯರು ಜೊತೆಗಿದ್ದರೆ ಮೊದಲ ದಿನದಿಂದ ಬೆಟ್ಟ ಬಿಟ್ಟು ಪೇರೂರು ಮತ್ತು ಪೇಟೆ ಮಾತ್ರ ಇಟ್ಟುಕೊಳ್ಳಿ. ಮನೆಗೆ ತರಲು ಮೈಸೂರ್ಪಾ, ಊತ್ತುಕುಳಿ ತುಪ್ಪ, ಒಂದು ಕೋರಾ ಸೀರೆ. ಚೀಲದಲ್ಲಿ ಒಂದು ಪುಟ್ಟ ನೋಟ್‌ಬುಕ್ಕಿಗೂ ಜಾಗವಿರಲಿ.