ಬಾಹ್ಯಾಕಾಶ–ಭೂಮಿ ಚದುರಂಗ: 1970ರ ಡ್ರಾ ಪಂದ್ಯ

ಸೋವಿಯತ್ ಒಕ್ಕೂಟದ ಸೋಯುಜ್-9 ನೌಕೆಯ ಗಗನಯಾತ್ರಿಗಳಿಗೂ ಭೂಮಿಯಲ್ಲಿದ್ದ ಅವರ ಸಹೋದ್ಯೋಗಿಗಳಿಗೂ 1970ರ ಜೂನ್ 9ರಂದು ನಡೆದ ಪಂದ್ಯವು ಬಾಹ್ಯಾಕಾಶ ಮತ್ತು ಭೂಮಿಯ ನಡುವಿನ ಮೊದಲ ಚದುರಂಗ ಪಂದ್ಯವೆಂದು ದಾಖಲಾಗಿದೆ. ನೌಕೆಯಲ್ಲಿದ್ದ ಆಂದ್ರಿಯಾನ್ ನಿಕೊಲಾಯೆವ್ ಮತ್ತು ವಿತಾಲಿ ಸೆವಾಸ್ತ್ಯಾನೊವ್ ಬಿಳಿ ಕಾಯಿಗಳನ್ನೂ, ಜನರಲ್ ನಿಕೊಲಾಯ್ ಕಮಾನಿನ್ ಹಾಗೂ ಗಗನಯಾತ್ರಿ ವಿಕ್ಟರ್ ಗೊರ್ಬಾಟ್ಕೊ ಕಪ್ಪು ಕಾಯಿಗಳನ್ನೂ ಆಡಿದರು. 35 ನಡೆಗಳ ನಂತರ ಪಂದ್ಯ ಡ್ರಾ ಆಯಿತು.

ಇದನ್ನು ಅಂಚೆ ಚದುರಂಗದ ರೇಡಿಯೊ ರೂಪವೆನ್ನಬಹುದು. ಅಂಚೆಯಣ್ಣನ ಬದಲು ಇಲ್ಲಿ ಕಾಯಬೇಕಾದದ್ದು ನೌಕೆಯ ಪಥವನ್ನು. ಸೋವಿಯತ್ ಸಂಪರ್ಕ ಕೇಂದ್ರಗಳ ವ್ಯಾಪ್ತಿಗೆ ನೌಕೆ ಬಂದಾಗ ಮಾತ್ರ ನಡೆಗಳನ್ನು ತಿಳಿಸಲು ಸಾಧ್ಯವಿತ್ತು. ಹೀಗಾಗಿ ಆಟ ಸುಮಾರು 6 ಗಂಟೆ ಹಿಡಿಯಿತು. ತೂಕರಹಿತ ಸ್ಥಿತಿಯಲ್ಲಿ ಕಾಯಿಗಳು ತೇಲಿಹೋಗದಂತೆ ಹಲಗೆಯಲ್ಲಿ ಗಾಡಿಗಳನ್ನು ಕೊರೆದು ಅವನ್ನು ಸಿಕ್ಕಿಸಲಾಗಿತ್ತು.

ಪ್ರಾರಂಭಿಕ ನಡೆಗಳು ‘ಕ್ವೀನ್ಸ್ ಗ್ಯಾಂಬಿಟ್ ಅಕ್ಸೆಪ್ಟೆಡ್’ ವರ್ಗಕ್ಕೆ ಸೇರಿದವು. ಎರಡನೆಯ ನಡೆಯಲ್ಲಿ ಬಿಳಿ ಪಕ್ಷ ಸಿ4ರಲ್ಲಿ ಒಡ್ಡಿದ ಕಾಲಾಳನ್ನು ಕಪ್ಪು ಪಕ್ಷ ಹೊಡೆಯಿತು. ಆದರೆ ಆ ಲಾಭವನ್ನು ಉಳಿಸಿಕೊಳ್ಳುವ ಗೋಜಿಗೆ ಹೋಗದೆ, ಮರುನಡೆಯಲ್ಲೇ ಇ5ಕ್ಕೆ ಕಾಲಾಳನ್ನು ನೂಕಿ ನಡುಹಲಗೆಯನ್ನು ಪ್ರಶ್ನಿಸಿತು. ಕೊಡುಕೊಳ್ಳುವಿಕೆ ಮುಗಿದಾಗ ಬಿಳಿಯವರ ಡಿ4ರ ಕಾಲಾಳು ಅಕ್ಕಪಕ್ಕದ ಆಸರೆಯಿಲ್ಲದೆ ಒಂಟಿಯಾಗಿತ್ತು; ಪ್ರತಿಯಾಗಿ ಅವರ ಬಿಷಪ್‌ಗಳಿಗೆ ದಾರಿ ತೆರೆದಿತ್ತು. ಇಂಥ ಸ್ಥಿತಿಯಲ್ಲಿ ಬಿಳಿ ಪಕ್ಷ ಬೇಗ ದಾಳಿ ಮಾಡಬೇಕು. ಕಾಯಿಗಳು ಕರಗಿದಷ್ಟೂ ಒಂಟಿ ಕಾಲಾಳು ಹೊರೆಯಾಗುತ್ತದೆ.

ಗಗನಯಾತ್ರಿಗಳು ಹಾಗೆಯೇ ಮಾಡಿದರು. 13ನೆಯ ನಡೆಯಲ್ಲಿ ತಮ್ಮ ರಾಜನ ಮುಂದಿನ ಕಾಲಾಳನ್ನೇ ಜಿ4ಕ್ಕೆ ನುಗ್ಗಿಸಿದ್ದು ದಿಟ್ಟತನವೇ ಸರಿ. 18ನೆಯ ನಡೆಯಲ್ಲಿ ಕಪ್ಪು ಪಕ್ಷ ಸಿ3ರ ಕುದುರೆಯನ್ನು ಬಿಷಪ್‌ನಿಂದ ಹೊಡೆದದ್ದು ಮಾತ್ರ ಎದುರಾಳಿಗೆ ಉಪಕಾರವಾಯಿತು: ಬಿಳಿಯವರು ಮರಳಿ ಹೊಡೆದ ಕಾಲಾಳು ಡಿ4ಕ್ಕೆ ಬೆಂಬಲವಾಗಿ ನಿಂತಿತು. ಆದರೂ ದಾಳಿ ಫಲಿಸಲಿಲ್ಲ. 34ನೆಯ ನಡೆಯಲ್ಲಿ ಬಿಳಿಯ ಆನೆ ಇ8ರಲ್ಲಿ ಚೆಕ್ ನೀಡಿತು. ಕಪ್ಪು ರಾಣಿ ಅದನ್ನು ಹೊಡೆದಾಗ ಬಿಳಿಯ ರಾಣಿ ಎಫ್6ರ ಆನೆಯನ್ನು ಹೊಡೆಯಿತು. ರಾಜನಲ್ಲದೆ ಇಬ್ಬರಿಗೂ ಉಳಿದದ್ದು ಒಂದು ರಾಣಿ, ಐದು ಕಾಲಾಳು. ಗ್ರಾಂಡ್‌ಮಾಸ್ಟರ್‌ಗಳ ಆಟವಲ್ಲದಿದ್ದರೂ ಫಲಿತಾಂಶ ನ್ಯಾಯವಾದುದೇ.

ಸುಮಾರು 18 ದಿನಗಳ ಆ ಯಾನ ದೀರ್ಘ ಬಾಹ್ಯಾಕಾಶವಾಸ ಮನುಷ್ಯನ ಮೇಲೆ ಬೀರುವ ಪರಿಣಾಮವನ್ನು ಅರಿಯಲು ಕೈಗೊಂಡದ್ದು. ಜೂನ್ 19ರಂದು ಇಳಿದಾಗ ಇಬ್ಬರಿಗೂ ನಡೆಯುವುದೇ ಕಷ್ಟವಾಗಿತ್ತು. ಸೆವಾಸ್ತ್ಯಾನೊವ್ ಮುಂದೆ ಸೋವಿಯತ್ ಚದುರಂಗ ಒಕ್ಕೂಟದ ಅಧ್ಯಕ್ಷರಾದರು. ಪಂದ್ಯಕ್ಕೆ 50 ವರ್ಷ ತುಂಬಿದ 2020ರ ಜೂನ್ 9ರಂದು ಗ್ರಾಂಡ್‌ಮಾಸ್ಟರ್ ಸೆರ್ಗೆಯ್ ಕರ್ಯಾಕಿನ್, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಅನಾತೊಲಿ ಇವಾನಿಷಿನ್ ಮತ್ತು ಇವಾನ್ ವಾಗ್ನರ್ ಜೊತೆ ಆಡಿದರು. ಅದೂ ಡ್ರಾ ಆಯಿತು.