ವರ್ಷದ ಚೀಟಿಪಟ್ಟಿ: ಭಾರತದ ಸ್ಮಾರಕ ಅಂಚೆ ಚೀಟಿಗಳು ನಡೆದುಬಂದ ದಾರಿ

ಯಾವ ವ್ಯಕ್ತಿ, ಸಂಸ್ಥೆ ಅಥವಾ ಘಟನೆಯ ನೆನಪಿಗೆ ಮುಂದಿನ ವರ್ಷ ಅಂಚೆ ಚೀಟಿ ಹೊರಬರಬೇಕು ಎಂಬುದನ್ನು ಭಾರತೀಯ ಅಂಚೆ ಇಲಾಖೆಯು ಮುಂಚಿತವಾಗಿಯೇ ಗೊತ್ತುಮಾಡಿಕೊಂಡು ಒಂದು ಪಟ್ಟಿಯನ್ನು ಸಿದ್ಧಪಡಿಸುತ್ತದೆ. ಈ ಪಟ್ಟಿಯಲ್ಲಿ ಸೇರುವುದು ಸ್ಮಾರಕ ಚೀಟಿಗಳು, ಎಂದರೆ ಒಂದು ನಿರ್ದಿಷ್ಟ ಸಂದರ್ಭಕ್ಕಾಗಿ ಒಂದೇ ಬಾರಿ ಮುದ್ರಣಗೊಂಡು, ಸಂಗ್ರಹ ಮುಗಿದ ಮೇಲೆ ಮತ್ತೆ ಅಚ್ಚಾಗದ ಚೀಟಿಗಳು. ದಿನನಿತ್ಯದ ಬಳಕೆಗೆಂದು ವರ್ಷಗಟ್ಟಲೆ ಮರುಮುದ್ರಣವಾಗುತ್ತ ಹೋಗುವ ಸಾಮಾನ್ಯ ಚೀಟಿಗಳು, ಡೆಫಿನಿಟಿವ್ ಎಂದು ಸಂಗ್ರಾಹಕರು ಕರೆಯುವಂಥವು, ಇದರ ಲೆಕ್ಕಕ್ಕೆ ಬರುವುದಿಲ್ಲ. ಹೊರನೋಟಕ್ಕೆ ಇದು ಇಲಾಖೆಯ ಒಳವ್ಯವಹಾರದ ಕಾಗದವೆಂದು ತೋರಿದರೂ, ಒಂದು ರಾಷ್ಟ್ರ ತಾನು ಯಾರನ್ನು ನೆನೆಯಬೇಕೆಂದು ವರ್ಷ ವರ್ಷವೂ ಅಧಿಕೃತವಾಗಿ ದಾಖಲಿಸುತ್ತ ಬಂದಿರುವ ಕಡತವೆಂದೇ ಇದನ್ನು ಓದಬೇಕು. ಆ ಕಡತ ಆರಂಭದಲ್ಲಿ ಎಷ್ಟು ಬಿಗಿಯಾಗಿತ್ತು, ಕ್ರಮೇಣ ಹೇಗೆ ಸಡಿಲವಾಯಿತು ಎಂಬುದೇ ಅದರ ಚರಿತ್ರೆ.

ಏಷ್ಯಾದ ಮೊದಲ ಅಂಚೆ ಚೀಟಿ ಹೊರಬಂದದ್ದು ಸಿಂಧ್ ಪ್ರಾಂತದಲ್ಲಿ, 1852ರ ಜುಲೈ 1ರಂದು. ಅಲ್ಲಿನ ಕಮಿಷನರ್ ಆಗಿದ್ದ ಬಾರ್ಟಲ್ ಫ್ರಿಯರ್ ಹೊರತಂದ ಆ ದುಂಡನೆಯ ‘ಸಿಂಧ್ ಡಾಕ್’ ಚೀಟಿಯ ಬೆಲೆ ಅರ್ಧ ಆಣೆ. ಇಡೀ ಬ್ರಿಟಿಷ್ ಇಂಡಿಯಾಕ್ಕೆ ಅನ್ವಯಿಸುವ ಚೀಟಿಗಳು 1854ರ ಅಕ್ಟೋಬರ್‌ನಲ್ಲಿ ಬಳಕೆಗೆ ಬಂದವು. ಅವುಗಳಲ್ಲಿ ಬಹುಪಾಲು ಕಲ್ಕತ್ತದ ಸರ್ವೇಯರ್ ಜನರಲ್ ಕಚೇರಿಯಲ್ಲಿ ಕ್ಯಾಪ್ಟನ್ ಥುಯಿಲಿಯರ್ ಅವರ ಮೇಲ್ವಿಚಾರಣೆಯಲ್ಲಿ ಕಲ್ಲಚ್ಚಿನಲ್ಲಿ ಮುದ್ರಣವಾದವು. ನಾಲ್ಕಾಣೆಯ ಚೀಟಿಗೆ ಎರಡು ಬಣ್ಣಗಳಿದ್ದುದರಿಂದ ಕೆಂಪು ಚೌಕಟ್ಟನ್ನೂ ವಿಕ್ಟೋರಿಯಾ ರಾಣಿಯ ನೀಲಿ ತಲೆಯನ್ನೂ ಬೇರೆ ಬೇರೆಯಾಗಿ ಅಚ್ಚಿಗೆ ಒಡ್ಡಬೇಕಾಗಿತ್ತು. ಹಾಳೆಯನ್ನು ತಿರುಗುಮುರುಗಾಗಿ ಇಟ್ಟ ಕೆಲವು ಸಂದರ್ಭಗಳಲ್ಲಿ ರಾಣಿಯ ತಲೆ ಕೆಳಗಾಗಿ ಮೂಡಿ, ಆ ಕೆಲವೇ ಪ್ರತಿಗಳು ಇಂದು ಜಗತ್ತಿನ ಅತ್ಯಂತ ಅಪರೂಪದ ಚೀಟಿಗಳ ಸಾಲಿನಲ್ಲಿ ನಿಂತಿವೆ. ಮರುವರ್ಷದಿಂದ ಲಂಡನ್ನಿನ ಡಿ ಲಾ ರೂ ಕಂಪನಿಯಲ್ಲಿ ಅಚ್ಚಾದ ಚೀಟಿಗಳು ಬರತೊಡಗಿದವು, ಸುಮಾರು ಎಪ್ಪತ್ತು ವರ್ಷ ಅದೇ ವ್ಯವಸ್ಥೆ ನಡೆಯಿತು. ಅಷ್ಟು ಕಾಲವೂ ಭಾರತದ ಚೀಟಿ ಎಂದರೆ ಆಳುವವರ ಮುಖವೇ. ನೆಲದ ನೆನಪಿಗೆ ಅದರಲ್ಲಿ ಎಡೆಯಿರಲಿಲ್ಲ.

ಅಷ್ಟರಲ್ಲಿ ಬೇರೆ ದೇಶಗಳಲ್ಲಿ ಸ್ಮಾರಕ ಚೀಟಿಯ ಪದ್ಧತಿ ಬೇರೂರಿತ್ತು, ಅದರ ಜೊತೆಗೇ ಅದರ ದುರುಪಯೋಗವೂ ಹುಟ್ಟಿತ್ತು. ಕೊಲಂಬಸ್ ಅಮೆರಿಕ ತಲುಪಿದ ನಾನೂರನೆಯ ವರ್ಷದ ವಸ್ತುಪ್ರದರ್ಶನಕ್ಕೆಂದು ಅಮೆರಿಕ ಸಂಯುಕ್ತ ಸಂಸ್ಥಾನವು 1893ರಲ್ಲಿ ಒಂದು ಸೆಂಟಿನಿಂದ ಐದು ಡಾಲರಿನವರೆಗಿನ 16 ಚೀಟಿಗಳ ಸರಣಿಯನ್ನು ಹೊರತಂದಾಗ, ಅಷ್ಟು ಬೆಲೆಯ ಚೀಟಿ ಯಾವ ಪತ್ರಕ್ಕೂ ಬೇಕಿಲ್ಲ, ಇದು ಸಂಗ್ರಾಹಕರ ಜೇಬಿಗೆ ಹಾಕಿದ ಕೈ ಎಂಬ ಆಕ್ಷೇಪ ಎದ್ದಿತು. ಅದೇ ಹೊತ್ತಿನಲ್ಲಿ ನಿಕೊಲಸ್ ಸೀಬೆಕ್ ಎಂಬ ಮುದ್ರಣೋದ್ಯಮಿ ಮಧ್ಯ ಮತ್ತು ದಕ್ಷಿಣ ಅಮೆರಿಕದ ಕೆಲವು ಬಡ ರಾಷ್ಟ್ರಗಳೊಡನೆ ಒಪ್ಪಂದ ಮಾಡಿಕೊಂಡು, ಪ್ರತಿ ವರ್ಷ ಹೊಸ ಚೀಟಿಗಳನ್ನು ಪುಕ್ಕಟೆಯಾಗಿ ಅಚ್ಚುಹಾಕಿಕೊಟ್ಟು, ವರ್ಷದ ಕೊನೆಗೆ ಉಳಿದ ದಾಸ್ತಾನನ್ನೂ ಮರುಮುದ್ರಣದ ಹಕ್ಕನ್ನೂ ತಾನು ಪಡೆದು ಸಂಗ್ರಾಹಕರಿಗೆ ಮಾರುತ್ತಿದ್ದನು. ಇಂಥ ಚೀಟಿಗಳನ್ನು ಬಹಿಷ್ಕರಿಸಲು 1895ರಲ್ಲಿ ಲಂಡನ್ನಿನಲ್ಲಿ ಒಂದು ಸಂಘವೇ ಹುಟ್ಟಿತು. ಸಂಘ ಬಹುಕಾಲ ಬಾಳಲಿಲ್ಲವಾದರೂ ಅದು ಎತ್ತಿದ ಪ್ರಶ್ನೆ ಇಂದಿಗೂ ಜೀವಂತವಾಗಿದೆ: ಸ್ಮಾರಕ ಚೀಟಿ ಇರುವುದು ಸ್ಮರಣೆಗೋ ಮಾರಾಟಕ್ಕೋ?

ಭಾರತ ಈ ಹಾದಿಗೆ ತಡವಾಗಿ ಬಂದಿತು, ಬಂದಾಗಲೂ ಸಂಯಮದಿಂದ ಬಂದಿತು. 1925ರಲ್ಲಿ ನಾಸಿಕದಲ್ಲಿ ಇಂಡಿಯಾ ಸೆಕ್ಯುರಿಟಿ ಪ್ರೆಸ್ ಸ್ಥಾಪನೆಯಾಗಿ ಚೀಟಿಗಳ ಮುದ್ರಣ ಈ ನೆಲಕ್ಕೆ ಮರಳಿತು. ಅಲ್ಲಿ ಅಚ್ಚಾಗಿ 1931ರ ಫೆಬ್ರವರಿಯಲ್ಲಿ ಹೊರಬಂದ ಹೊಸದಿಲ್ಲಿ ಉದ್ಘಾಟನೆಯ ಆರು ಚೀಟಿಗಳನ್ನು ಭಾರತದ ಮೊದಲ ಸ್ಮಾರಕ ಚೀಟಿಗಳೆಂದು ಎಣಿಸುವುದು ವಾಡಿಕೆ. ಕಾಲಾಣೆಯ ಚೀಟಿಯಲ್ಲಿ ಪುರಾನಾ ಕಿಲಾ, ಅರ್ಧಾಣೆಯದರಲ್ಲಿ ಯುದ್ಧಸ್ಮಾರಕದ ಕಮಾನು, ಒಂದಾಣೆಯದರಲ್ಲಿ ಮುಂದೆ ಸಂಸತ್ ಭವನವಾದ ಕೌನ್ಸಿಲ್ ಹೌಸ್ ಇದ್ದವು. ಚಕ್ರವರ್ತಿಯ ಮುಖ ಮಾಯವಾಗದಿದ್ದರೂ ಪಕ್ಕಕ್ಕೆ ಸರಿದಿತ್ತು. ಐದನೆಯ ಜಾರ್ಜ್ ದೊರೆಯ ಆಳ್ವಿಕೆಯ ರಜತ ಮಹೋತ್ಸವಕ್ಕೆಂದು 1935ರಲ್ಲಿ ಬಂದ ಸರಣಿಯಲ್ಲಿ ತಾಜ್ ಮಹಲ್, ರಾಮೇಶ್ವರದ ದೇಗುಲ, ಅಮೃತಸರದ ಸ್ವರ್ಣಮಂದಿರಗಳ ಸಾಲಿನಲ್ಲಿ ಮಂಡಾಲೆಯ ಪಗೋಡವೂ ಸೇರಿತು, ಏಕೆಂದರೆ ಬರ್ಮಾ ಆಗಿನ್ನೂ ಭಾರತದ ಆಡಳಿತದಿಂದ ಬೇರೆಯಾಗಿರಲಿಲ್ಲ.

ಸ್ವತಂತ್ರ ಭಾರತದ ಮೊದಲ ಚೀಟಿ 1947ರ ನವೆಂಬರ್ 21ರಂದು ಬಂದಿತು. ಮೂರೂವರೆ ಆಣೆಯ ಅದರ ಮೇಲೆ ರಾಷ್ಟ್ರಧ್ವಜವಿತ್ತು, ‘ಜೈ ಹಿಂದ್’ ಎಂಬ ಘೋಷಣೆಯಿತ್ತು. ಡಿಸೆಂಬರ್ 15ರಂದು ಅಶೋಕ ಸ್ತಂಭದ ಸಿಂಹಗಳುಳ್ಳ ಒಂದೂವರೆ ಆಣೆಯ ಚೀಟಿ ಮತ್ತು ವಿಮಾನದ ಚಿತ್ರವಿದ್ದ ಹನ್ನೆರಡಾಣೆಯ ಚೀಟಿ ಅದನ್ನು ಹಿಂಬಾಲಿಸಿದವು. ಸ್ವಾತಂತ್ರ್ಯದ ಮೊದಲ ವರ್ಷ ತುಂಬಿದ ದಿನ, 1948ರ ಆಗಸ್ಟ್ 15ರಂದು, ಗಾಂಧೀಜಿಯವರ ನಾಲ್ಕು ಚೀಟಿಗಳು ಬಂದವು. ಹಿಂದಿ ಮತ್ತು ಉರ್ದು ಲಿಪಿಗಳಲ್ಲಿ ‘ಬಾಪೂ’ ಎಂದು ಬರೆದಿದ್ದ ಇವುಗಳಲ್ಲಿ ಹತ್ತು ರೂಪಾಯಿಯದು ಇಂದಿಗೂ ಸಂಗ್ರಾಹಕರು ಕಣ್ಣಿಗೊತ್ತಿಕೊಳ್ಳುವ ಚೀಟಿ. ಇವು ಅಚ್ಚಾದದ್ದು ನಾಸಿಕದಲ್ಲಲ್ಲ, ಸ್ವಿಟ್ಜರ್ಲೆಂಡಿನ ಕೂರ್ವಾಸಿಯೆ ಮುದ್ರಣಾಲಯದಲ್ಲಿ, ಫೋಟೋಗ್ರಾವ್ಯೂರ್ ವಿಧಾನದಲ್ಲಿ. ತಾಮ್ರದ ಉರುಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳನ್ನು ಕೊರೆದು, ಕುಳಿ ಆಳವಾಗಿದ್ದಲ್ಲಿ ಬಣ್ಣ ದಟ್ಟವಾಗಿಯೂ ತೆಳುವಾಗಿದ್ದಲ್ಲಿ ತಿಳಿಯಾಗಿಯೂ ಕಾಗದಕ್ಕೆ ಇಳಿಯುವಂತೆ ಮಾಡುವ ಈ ವಿಧಾನದಲ್ಲಿ ಮುಖದ ಸುಕ್ಕು, ಕಣ್ಣಿನ ಕೆಳಗಿನ ನೆರಳು ಮುಂತಾದವು ಛಾಯಾಚಿತ್ರದ ಹದದಲ್ಲಿಯೇ ಮೂಡುತ್ತವೆ. ಗಾಂಧೀಜಿಯವರ ವೃದ್ಧ ಮುಖಕ್ಕೆ ಇದಕ್ಕಿಂತ ಒಪ್ಪುವ ಮುದ್ರಣ ಇನ್ನೊಂದಿರಲಾರದು. ನಾಲ್ಕೇ ವರ್ಷಗಳಲ್ಲಿ ನಾಸಿಕವೂ ಆ ವಿದ್ಯೆಯನ್ನು ಕೈವಶ ಮಾಡಿಕೊಂಡಿತು. 1952ರ ಅಕ್ಟೋಬರ್ 1ರಂದು ಬಂದ ಕಬೀರ, ತುಲಸೀದಾಸ, ಮೀರಾ, ಸೂರದಾಸ, ಗಾಲಿಬ್ ಮತ್ತು ರವೀಂದ್ರರ ಆರು ಚೀಟಿಗಳು ಅಲ್ಲಿಯೇ ಫೋಟೋಗ್ರಾವ್ಯೂರ್‌ನಲ್ಲಿ ಅಚ್ಚಾದವು. ಹೊಸ ಗಣರಾಜ್ಯವು ವ್ಯಕ್ತಿಗಳನ್ನು ಚೀಟಿಯ ಮೇಲೆ ತರಲು ತೊಡಗಿದಾಗ ಗಾಂಧೀಜಿಯ ನಂತರ ಆರಿಸಿಕೊಂಡದ್ದು ರಾಜರನ್ನಲ್ಲ, ಮಂತ್ರಿಗಳನ್ನಲ್ಲ, ಸಂತರನ್ನು ಮತ್ತು ಕವಿಗಳನ್ನು. ಆ ಆಯ್ಕೆಯ ಘನತೆಯನ್ನು ಮುಂದಿನ ಪಟ್ಟಿಗಳು ಅಪರೂಪಕ್ಕೆ ಮಾತ್ರ ಮುಟ್ಟಿವೆ.

ಕನ್ನಡ ನೆಲ ಈ ದಾಖಲೆಗೆ ಮೊದಲು ಪ್ರವೇಶಿಸಿದ್ದು ಒಂದು ಕಟ್ಟಡದ ರೂಪದಲ್ಲಿ; 1949ರ ಪುರಾತತ್ವ ಸರಣಿಯ ಆರಾಣೆ ಚೀಟಿಯಲ್ಲಿ ವಿಜಯಪುರದ ಗೋಲಗುಮ್ಮಟವಿತ್ತು, ಆದರೆ ಅದು ಸ್ಮಾರಕ ಚೀಟಿಯಲ್ಲ, ದಿನಬಳಕೆಯದು. ಸ್ಮಾರಕ ಚೀಟಿಯ ಗೌರವ ಕನ್ನಡಿಗರೊಬ್ಬರಿಗೆ ಸಂದ ಸಂದರ್ಭವಂತೂ ನಿಯಮಕ್ಕೇ ಅಪವಾದವಾಗಿತ್ತು. ಬದುಕಿರುವವರ ಚಿತ್ರವನ್ನು ಚೀಟಿಯ ಮೇಲೆ ಹಾಕಬಾರದೆಂಬುದು ಇಲಾಖೆಯ ಸಾಮಾನ್ಯ ನಿಲುವು. ಮಹಿಳಾ ಶಿಕ್ಷಣಕ್ಕಾಗಿ ಬಾಳು ಸವೆಸಿದ ಧೋಂಡೊ ಕೇಶವ ಕರ್ವೆ ಅವರಿಗೆ 1958ರ ಏಪ್ರಿಲ್ 18ರಂದು ನೂರು ತುಂಬಿದಾಗ ಈ ನಿಲುವು ಮೊದಲ ಬಾರಿಗೆ ಸಡಿಲಗೊಂಡಿತು. ಎರಡು ವರ್ಷಗಳ ಬಳಿಕ, 1960ರ ಸೆಪ್ಟೆಂಬರ್ 15ರಂದು, ಅದೇ ಗೌರವ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಸಂದಿತು. ಜನ್ಮಶತಾಬ್ದಿಯ ಹೆಸರಿನಲ್ಲಿ ಬಂದ ಆ ಹದಿನೈದು ನಯಾ ಪೈಸೆಯ ಚೀಟಿಯ ಮೇಲಿದ್ದದ್ದು ಪೇಟ ಧರಿಸಿದ ಅವರ ಮುಖ. ಒಂದು ಸಾಮಾನ್ಯ ಪತ್ರಕ್ಕೆ ಆಗ ಬೇಕಾಗಿದ್ದದ್ದು ಅಷ್ಟೇ ಬೆಲೆಯಾದ್ದರಿಂದ, ಅವರ ಚಿತ್ರ ಯಾವ ಪ್ರದರ್ಶನದ ಹಂಗೂ ಇಲ್ಲದೆ ಮನೆಮನೆಯ ಬಾಗಿಲಿಗೆ ಹೋಗಿ ಬೀಳುವಂತಿತ್ತು. ವಿಶ್ವೇಶ್ವರಯ್ಯನವರು ಅದನ್ನು ಕಣ್ಣಾರೆ ಕಂಡು, 1962ರವರೆಗೂ ಬದುಕಿದ್ದರು.

ಅಲ್ಲಿಂದಾಚೆಗೆ ಪುರಂದರದಾಸರು 1964ರಲ್ಲಿ, ಬಸವೇಶ್ವರರು 1967ರಲ್ಲಿ, ಟಿಪ್ಪು ಸುಲ್ತಾನ 1974ರಲ್ಲಿ, ಕಿತ್ತೂರ ರಾಣಿ ಚೆನ್ನಮ್ಮ 1977ರಲ್ಲಿ ಪಟ್ಟಿಯನ್ನು ಸೇರಿದರು. 1981ರ ಮಹಾಮಸ್ತಕಾಭಿಷೇಕದ ಸಂದರ್ಭಕ್ಕೆ ಶ್ರವಣಬೆಳಗೊಳದ ಗೊಮ್ಮಟನ ಚೀಟಿ ಬಂದಿತು. 1997ರಲ್ಲಿ ಕುವೆಂಪು, ಬೇಂದ್ರೆ, ಮಾಸ್ತಿ, ಗೋಕಾಕರು ಜ್ಞಾನಪೀಠ ಪುರಸ್ಕೃತ ಕನ್ನಡ ಲೇಖಕರೆಂಬ ನೆಲೆಯಲ್ಲಿ ಒಂದೇ ಚೀಟಿಯನ್ನು ಹಂಚಿಕೊಂಡರು. ಅದೇ ಪ್ರಶಸ್ತಿ ಪಡೆದಿದ್ದ ಶಿವರಾಮ ಕಾರಂತರೂ ಯು. ಆರ್. ಅನಂತಮೂರ್ತಿಯವರೂ ಆಗ ಬದುಕಿದ್ದರು, ಆದ್ದರಿಂದ ಆ ಚೀಟಿಯಲ್ಲಿ ಅವರಿಲ್ಲ. ಒಂದು ಭಾಷೆಯ ನಾಲ್ವರು ಹಿರಿಯರನ್ನು ಅಂಗೈಯಗಲವೂ ಇಲ್ಲದ ಕಾಗದದಲ್ಲಿ ಒತ್ತೊತ್ತಾಗಿ ಕೂರಿಸಿದ್ದು ಜಿಪುಣತನವೆಂದೇ ಹೇಳಬೇಕು; ಅವರಲ್ಲಿ ಪ್ರತಿಯೊಬ್ಬರೂ ಒಂದೊಂದು ಪೂರ್ತಿ ಚೀಟಿಗೆ ಅರ್ಹರು.

ಒಂದು ಹೆಸರು ಪಟ್ಟಿಗೆ ಸೇರುವ ಕ್ರಮವನ್ನು ಇಲ್ಲಿ ವಿವರಿಸುವುದು ಅವಶ್ಯ. ಸಾರ್ವಜನಿಕರು, ಸಂಘ ಸಂಸ್ಥೆಗಳು, ಸರ್ಕಾರಗಳು ಯಾರು ಬೇಕಾದರೂ ಇಲಾಖೆಗೆ ಪ್ರಸ್ತಾವ ಕಳುಹಿಸಬಹುದು. ಆದರೆ ಚೀಟಿ ಬರಬೇಕಾದ ದಿನಕ್ಕಿಂತ ಕನಿಷ್ಠ ಎರಡು ವರ್ಷ ಮೊದಲೇ ಅದು ತಲುಪಿರಬೇಕು. ಬಂದ ಪ್ರಸ್ತಾವಗಳನ್ನು ಫಿಲಾಟೆಲಿ ಸಲಹಾ ಸಮಿತಿ ಪರಿಶೀಲಿಸುತ್ತದೆ; ಫಿಲಾಟೆಲಿ ಎಂದರೆ ಅಂಚೆ ಚೀಟಿಗಳ ಸಂಗ್ರಹ ಮತ್ತು ಅಧ್ಯಯನ. ವ್ಯಕ್ತಿಯು ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಮಹತ್ವದವನಾಗಿರಬೇಕು, ಸಾಮಾನ್ಯವಾಗಿ ನಿಧನದ ನಂತರ ಹತ್ತು ವರ್ಷ ಕಳೆದಿರಬೇಕು, ಜನ್ಮಶತಾಬ್ದಿಯಂಥ ಸಂದರ್ಭವೊಂದು ಒದಗಿರಬೇಕು. ಹತ್ತು ವರ್ಷ ಕಾಯಬೇಕೆಂಬ ನಿಯಮ ಬಹಳ ವಿವೇಕದ್ದು, ಏಕೆಂದರೆ ಅಧಿಕಾರದ ಪ್ರಭಾವವೂ ಶೋಕದ ಆವೇಗವೂ ಇಳಿದ ಮೇಲಷ್ಟೇ ವ್ಯಕ್ತಿಯ ನಿಜವಾದ ಅಳತೆ ಸಿಗುತ್ತದೆ. ಒಪ್ಪಿಗೆ ದೊರೆತ ಬಳಿಕ ವಿನ್ಯಾಸ ಸಿದ್ಧವಾಗಿ, ಚೀಟಿ ಅಚ್ಚಾಗಿ, ಬಿಡುಗಡೆಯ ದಿನ ಅದರೊಡನೆ ಪ್ರಥಮ ದಿನದ ಲಕೋಟೆ, ವಿಶೇಷ ಮುದ್ರೆ ಮತ್ತು ವಿಷಯವನ್ನು ವಿವರಿಸುವ ಮಾಹಿತಿ ಪತ್ರ ಹೊರಬರುತ್ತವೆ.

ನಿಯಮಗಳು ಇಷ್ಟು ಸ್ಪಷ್ಟವಾಗಿದ್ದರೂ ಪಟ್ಟಿ ಉದ್ದವಾಗುತ್ತ ಬಂದಿತು. ರೈಲ್ವೆಯ ಶತಮಾನ, ಎವರೆಸ್ಟ್ ಆರೋಹಣ, ತಂತಿಯ ಶತಮಾನ ಇವು 1953ರ ಸ್ಮಾರಕ ಚೀಟಿಗಳ ವಿಷಯಗಳು. ಪ್ರತಿಯೊಂದೂ ದೇಶವೆಲ್ಲ ಬಲ್ಲ ಸಂಗತಿ. ಬರಬರುತ್ತ ಶಾಲೆ, ಬ್ಯಾಂಕು, ಪತ್ರಿಕೆ, ಸೇನಾ ತುಕಡಿಗಳ ವಾರ್ಷಿಕೋತ್ಸವಗಳೂ ಚೀಟಿಗೆ ವಿಷಯಗಳಾದವು. ಅದಕ್ಕಿಂತ ದೊಡ್ಡ ಬದಲಾವಣೆ ಅಂಚೆಯೊಳಗೇ ನಡೆಯಿತು: ಖಾಸಗಿ ಪತ್ರ ಅಪರೂಪವಾಯಿತು, ಕಚೇರಿಗಳ ಟಪಾಲಿಗೆ ಫ್ರಾಂಕಿಂಗ್ ಯಂತ್ರದ ಮುದ್ರೆ ಬಿದ್ದಿತು, ಸ್ಪೀಡ್ ಪೋಸ್ಟ್ ಲಕೋಟೆಗೆ ಕೌಂಟರಿನಲ್ಲಿ ಅಂಟಿಸುವ ಬಾರ್‌ಕೋಡ್ ಲೇಬಲ್ಲೇ ಸಾಕೆನಿಸಿತು. ವಿಶ್ವೇಶ್ವರಯ್ಯನವರ ಚೀಟಿ ಪತ್ರದ ಮೇಲೆ ಕೂತು ಊರೂರು ತಿರುಗಿದ್ದರೆ, ಈಗಿನ ಚೀಟಿ ಬಹುಮಟ್ಟಿಗೆ ಬಿಡುಗಡೆ ಸಮಾರಂಭದಿಂದ ನೇರವಾಗಿ ಆಲ್ಬಮ್ಮಿಗೆ ಹೋಗುತ್ತದೆ.

ಇಲಾಖೆ ಇದಕ್ಕೆ ಕಂಡುಕೊಂಡ ಉತ್ತರ ಹೊಸತನ. 2006ರಲ್ಲಿ ಶ್ರೀಗಂಧದ ಪರಿಮಳದ ಚೀಟಿ ಬಂದಿತು, ಬಳಿಕ ಗುಲಾಬಿ ಮತ್ತು ಮಲ್ಲಿಗೆ. 2011ರಲ್ಲಿ ಖಾದಿ ಬಟ್ಟೆಯ ಮೇಲೆ ಗಾಂಧೀಜಿಯ ಚಿತ್ರ ಮುದ್ರಣವಾಯಿತು, ಹಣ ಕೊಟ್ಟವರ ಭಾವಚಿತ್ರವನ್ನೇ ಚೀಟಿಯ ಪಕ್ಕದಲ್ಲಿ ಅಚ್ಚುಹಾಕಿಕೊಡುವ ‘ಮೈ ಸ್ಟಾಂಪ್’ ಯೋಜನೆ ಆರಂಭವಾಯಿತು. 2017ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯಲ್ಲಿ ಬಿಡುಗಡೆಯಾದ ಕಾಫಿ ಪರಿಮಳದ ಚೀಟಿಯ ಬೆಲೆ ನೂರು ರೂಪಾಯಿ. ಗಂಧ ಮತ್ತು ಕಾಫಿ ಎರಡೂ ಕರ್ನಾಟಕಕ್ಕೆ ಹತ್ತಿರದ ವಸ್ತುಗಳಾದ್ದರಿಂದ ಇವು ಇಲ್ಲಿ ಮೆಚ್ಚುಗೆ ಪಡೆದದ್ದು ಸಹಜ. ಆದರೂ ಚೀಟಿಯ ಯೋಗ್ಯತೆ ನಿಲ್ಲಬೇಕಾದದ್ದು ಆಯ್ಕೆಯ ತೂಕ ಮತ್ತು ಚಿತ್ರದ ಸೊಗಸಿನ ಮೇಲೆ. 1952ರ ಆರು ಕವಿಗಳ ಚೀಟಿಗಳಿಗೆ ಯಾವ ಪರಿಮಳವೂ ಇರಲಿಲ್ಲ. ಪಟ್ಟಿ ಚಿಕ್ಕದಾಗಬೇಕು, ಅಚ್ಚಾದ ಚೀಟಿ ಮಹಾನಗರದ ಫಿಲಾಟೆಲಿ ಬ್ಯೂರೊದಲ್ಲಿ ಮಾತ್ರವಲ್ಲದೆ ತಾಲ್ಲೂಕಿನ ಅಂಚೆ ಕಚೇರಿಯ ಕೌಂಟರಿನಲ್ಲಿಯೂ ಕೇಳಿದವರಿಗೆ ಸಿಗಬೇಕು.

ಕನ್ನಡದ ಸಾಹಿತ್ಯ ಸಂಸ್ಥೆಗಳು, ವಿಶ್ವವಿದ್ಯಾಲಯಗಳು, ಇತಿಹಾಸ ಪರಿಷತ್ತುಗಳು ಈ ವಿಷಯದಲ್ಲಿ ಸಾಮಾನ್ಯವಾಗಿ ಎಚ್ಚೆತ್ತುಕೊಳ್ಳುವುದು ಶತಮಾನೋತ್ಸವದ ವರ್ಷ ಕಾಲಿಟ್ಟ ಮೇಲೆ. ಆ ಹೊತ್ತಿಗೆ ಆ ವರ್ಷದ ಪಟ್ಟಿ ಮುಗಿದಿರುತ್ತದೆ. ಮುಂದಿನ ವರ್ಷಗಳಲ್ಲಿ ಶತಮಾನ ತುಂಬಲಿರುವ ಲೇಖಕರು, ವಿಜ್ಞಾನಿಗಳು, ರಂಗಕರ್ಮಿಗಳು, ಗ್ರಂಥಾಲಯಗಳ ವಿವರವನ್ನು ಅವರು ಈಗಲೇ ಕಲೆಹಾಕಿ, ಆಧಾರ ಸಹಿತವಾದ ಪ್ರಸ್ತಾವವನ್ನು ಎರಡು ವರ್ಷದ ಗಡುವು ಮೀರುವ ಮೊದಲೇ ಇಲಾಖೆಗೆ ಕಳುಹಿಸಬೇಕು.